ಮಾತನಾಡುವ ಮಾಪಕಗಳು

ಮನೆಯ ತಾರಸಿಯ ಮೇಲೆ ಒಂದು ಉಷ್ಣತಾಮಾಪಕವನ್ನು ಇಟ್ಟಿದ್ದೇವೆ ಎಂದು ಭಾವಿಸೋಣ. ನಡುರಾತ್ರಿಯಲ್ಲಿ ಚಳಿ ಎಷ್ಟಿತ್ತು ಎಂದು ತಿಳಿಯಬೇಕಾದರೆ ನಡುರಾತ್ರಿಯಲ್ಲೇ ಎದ್ದು ಮೆಟ್ಟಿಲು ಹತ್ತಬೇಕು. ಅದರ ಬದಲು, ಮಾಪಕವೇ ತಾನು ಕಂಡದ್ದನ್ನು ಕೆಳಗಿನ ಕೋಣೆಯ ಕಂಪ್ಯೂಟರಿಗೆ ರೇಡಿಯೋ ಅಲೆಗಳ ಮೂಲಕ ತಿಳಿಸುವಂತಿದ್ದರೆ? ಇಂದು ಇದು ಆಸಕ್ತಿಯುಳ್ಳ ವಿದ್ಯಾರ್ಥಿ ತನ್ನ ಕೈಯಾರೆ ಮಾಡಬಹುದಾದ ಕೆಲಸ. ಒಂದು ಸಂವೇದಕ, ಒಂದು ಪುಟ್ಟ ಪ್ರೇಷಕ, ಉಚಿತವಾಗಿ ದೊರೆಯುವ ತಂತ್ರಾಂಶ, ಇಷ್ಟಿದ್ದರೆ ಸಾಕು. ಆದರೆ ಮಾಡಿ ನೋಡಿದವರು ಬೇಗನೆ ಒಂದು ಮಾತನ್ನು ಅರಿತುಕೊಳ್ಳುತ್ತಾರೆ. ಅಂಕಿಯನ್ನು ಗಾಳಿಯಲ್ಲಿ ಕಳುಹಿಸುವುದು ಸುಲಭ. ಅದು ಏನನ್ನು ಹೇಳುತ್ತಿದೆ ಎಂಬುದು ಕೇಳುವವರಿಗೆ ತಪ್ಪಿಲ್ಲದೆ ತಿಳಿಯುವಂತೆ ಮಾಡುವುದು ಕಷ್ಟ. ಈ ಕಷ್ಟಕ್ಕೆ ಸುಮಾರು ಒಂದು ಶತಮಾನದ ಇತಿಹಾಸವಿದೆ.

ರೇಡಿಯೋ ಬಳಕೆಗೆ ಬರುವ ಮೊದಲು ಎತ್ತರದ ಗಾಳಿಯ ಸ್ಥಿತಿಯನ್ನು ತಿಳಿಯಲು ವಿಜ್ಞಾನಿಗಳು ಬಲೂನುಗಳಿಗೆ ಉಪಕರಣ ಕಟ್ಟಿ ಹಾರಿಬಿಡುತ್ತಿದ್ದರು. ಫ್ರಾನ್ಸಿನ ತೆಸ್ರಾಂಕ್ ದ ಬೋರ್ ಎಂಬ ವಿಜ್ಞಾನಿ ಪ್ಯಾರಿಸಿನ ಸಮೀಪದ ಟ್ರಾಪ್ ಎಂಬ ಊರಿನಿಂದ ಇಂಥ ಬಲೂನುಗಳನ್ನು ಹಾರಿಸಿ, ಸುಮಾರು 11 ಕಿಲೋಮೀಟರ್ ಎತ್ತರದಿಂದಾಚೆಗೆ ಉಷ್ಣತೆ ಇಳಿಯುವುದು ನಿಲ್ಲುತ್ತದೆ ಎಂದು 1902ರಲ್ಲಿ ಪ್ರಕಟಿಸಿದ. ಸ್ತರಗೋಳ ಪತ್ತೆಯಾದದ್ದು ಹೀಗೆ. ಆದರೆ ಆ ವಿಧಾನದಲ್ಲಿ ಒಂದು ದೊಡ್ಡ ಕೊರತೆಯಿತ್ತು. ಬಲೂನು ಒಡೆದು ಉಪಕರಣ ಯಾವುದೋ ಹೊಲದಲ್ಲೋ ಕಾಡಿನಲ್ಲೋ ಬೀಳುತ್ತಿತ್ತು. ಸಿಕ್ಕವರು ಅದನ್ನು ಹಿಂದಿರುಗಿಸಿದರೆ ಮಾತ್ರ ಅದರೊಳಗಿನ ದಾಖಲೆ ಕೈಸೇರುತ್ತಿತ್ತು. ದಿನಗಳು, ವಾರಗಳು ಕಳೆದ ಮೇಲೆ ಬರುವ ಅಂಕಿಗಳಿಂದ ನಾಳಿನ ಹವೆಯನ್ನು ಹೇಳಲು ಸಾಧ್ಯವೇ?

ಇದೇ ಟ್ರಾಪಿನಿಂದ 1929ರ ಜನವರಿ 7ರಂದು ರೋಬೇರ್ ಬ್ಯುರೋ ಎಂಬಾತ ಹಾರಿಸಿದ ಬಲೂನು ತಾನು ಅಳೆದದ್ದನ್ನು ಏರುತ್ತಿರುವಾಗಲೇ ರೇಡಿಯೋ ಮೂಲಕ ನೆಲಕ್ಕೆ ತಿಳಿಸಿತು. ಇಂಥ ಉಪಕರಣಕ್ಕೆ ರೇಡಿಯೋಸಾಂಡ್ ಎಂದು ಹೆಸರಿಟ್ಟವನೂ ಆತನೇ. ಮರುವರ್ಷ, 1930ರ ಜನವರಿ 30ರಂದು, ರಷ್ಯದ ಪಾವ್ಲೋವ್ಸ್ಕಿನಲ್ಲಿ ಪಾವೆಲ್ ಮೊಲ್ಚಾನೋವ್ ತನ್ನ ಉಪಕರಣವನ್ನು ಹಾರಿಸಿದ. ಅದು ಮಾಪಕದ ಮುಳ್ಳಿನ ಸ್ಥಾನವನ್ನು ಮೋರ್ಸ್ ಸಂಕೇತಗಳಾಗಿ ಮಾರ್ಪಡಿಸುತ್ತಿತ್ತು. ತಂತಿ ಕಚೇರಿಯ ಅನುಭವವಿದ್ದವರು ಕಿವಿಗೊಟ್ಟು ಕೇಳಿ ಬರೆದುಕೊಂಡರೆ ಸಾಕಿತ್ತು. ಫಿನ್ಲೆಂಡಿನ ವಿಲ್ಹೊ ವೈಸಾಲ 1931ರ ಡಿಸೆಂಬರಿನಲ್ಲಿ ಹಾರಿಸಿದ ಉಪಕರಣದ ದಾರಿ ಬೇರೆ. ಅಲ್ಲಿ ಒತ್ತಡ, ಉಷ್ಣತೆಗಳು ಬದಲಾದಂತೆ ರೇಡಿಯೋ ಅಲೆಯ ಆವೃತ್ತಿಯೇ ಬದಲಾಗುತ್ತಿತ್ತು. ಹಾರಿಸುವ ಮೊದಲೇ ಸಿದ್ಧಪಡಿಸಿದ ನಕ್ಷೆಯೊಡನೆ ತಾಳೆ ನೋಡಿದಾಗ ಮಾತ್ರ ಆವೃತ್ತಿಯಿಂದ ಉಷ್ಣತೆಯನ್ನು ತಿಳಿಯಬಹುದಾಗಿತ್ತು. ದಾರಿ ಎರಡಾದರೂ ನಿಯಮ ಒಂದೇ: ಹೇಳುವ ಯಂತ್ರಕ್ಕೂ ಕೇಳುವ ಮನುಷ್ಯನಿಗೂ ಮೊದಲೇ ಒಂದು ಒಪ್ಪಂದವಿರಬೇಕು.

ಭಾರತದ ಹವಾಮಾನ ಇಲಾಖೆಯೂ 1940ರ ದಶಕದಲ್ಲಿ ತನ್ನದೇ ರೇಡಿಯೋಸಾಂಡ್‌ಗಳನ್ನು ತಯಾರಿಸಿತು. ಪುಣೆಯಲ್ಲಿ ರೂಪುಗೊಂಡ ಒಂದು ಮಾದರಿಯಲ್ಲಿ, ಬಲೂನು ಏರುವಾಗ ಎದುರಾಗುವ ಗಾಳಿಗೆ ತಿರುಗುವ ಪುಟ್ಟ ಫ್ಯಾನೊಂದು ಉಪಕರಣವನ್ನು ನಡೆಸುತ್ತಿತ್ತು. ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆಸಿದ್ದ ಅಣ್ಣಾ ಮಣಿ ಅವರು 1948ರಲ್ಲಿ ಪುಣೆಯ ಕಚೇರಿಯನ್ನು ಸೇರಿದರು. ಸುಮಾರು 100 ಬಗೆಯ ಹವಾಮಾನ ಉಪಕರಣಗಳ ನಕಾಶೆಗಳನ್ನು ಒಂದು ಕ್ರಮಕ್ಕೆ ತಂದು, ಅವು ನಮ್ಮಲ್ಲೇ ತಯಾರಾಗುವಂತೆ ಮಾಡಿದವರಲ್ಲಿ ಅವರು ಪ್ರಮುಖರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲು ಎಂಬುದು ಅವರ ದೃಢವಾದ ನಿಲುವಾಗಿತ್ತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಮನುಷ್ಯರಿಲ್ಲದ ನಿರ್ಜನ ನೆಲದಲ್ಲೂ ಮಾಪಕಗಳನ್ನು ಮಾತನಾಡಿಸುವ ಪ್ರಯತ್ನ ನಡೆಯಿತು. 1943ರ ಅಕ್ಟೋಬರ್ 22ರಂದು ಜರ್ಮನಿಯ ಜಲಾಂತರ್ಗಾಮಿಯೊಂದು ಉತ್ತರ ಅಮೆರಿಕದ ಲ್ಯಾಬ್ರಡಾರ್ ಕರಾವಳಿಗೆ ಗುಟ್ಟಾಗಿ ಬಂದು ಒಂದು ಸ್ವಯಂಚಾಲಿತ ಹವಾಮಾನ ಕೇಂದ್ರವನ್ನು ಸ್ಥಾಪಿಸಿತು. ಮೂರು ಗಂಟೆಗೊಮ್ಮೆ ಅದು ತನ್ನವರಿಗೆ ಸುದ್ದಿ ಕಳುಹಿಸಬೇಕಾಗಿತ್ತು. ಕಂಡವರು ಮೋಸಹೋಗಲೆಂದು ಅದರ ಮೇಲೆ ಕೆನಡದ ಹವಾಮಾನ ಸೇವೆಯದೆಂದು ತೋರುವ ಸುಳ್ಳು ಹೆಸರನ್ನೂ ಬರೆದಿದ್ದರು! ಅದರ ಅವಶೇಷಗಳನ್ನು ಗುರುತಿಸಿದ್ದು 1981ರಲ್ಲಿ. ಇಂದು ಅದು ಕೆನಡದ ಯುದ್ಧ ವಸ್ತುಸಂಗ್ರಹಾಲಯದಲ್ಲಿದೆ.

ಸರ್ಕಾರಗಳ, ಸೈನ್ಯಗಳ ಕೈಯಲ್ಲಿದ್ದ ಈ ವಿದ್ಯೆ ಸಾಮಾನ್ಯರ ಮನೆಗೆ ಬರಲು ಹವ್ಯಾಸಿ ರೇಡಿಯೋ ಬಳಕೆದಾರರು ನೆರವಾದರು. ಅಮೆರಿಕದ ಬಾಬ್ ಬ್ರುನಿಂಗ 1990ರ ದಶಕದ ಆರಂಭದಲ್ಲಿ ರೂಪಿಸಿದ ಎ.ಪಿ.ಆರ್.ಎಸ್. ಎಂಬ ಪದ್ಧತಿಯಲ್ಲಿ ಹಿತ್ತಲಿನ ಮಾಪಕದ ಅಂಕಿಗಳನ್ನು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ರೇಡಿಯೋ ಮೂಲಕ ಕಳುಹಿಸಬಹುದಾಗಿತ್ತು. ಅದರ ಒಪ್ಪಂದ ಕುತೂಹಲಕರವಾಗಿದೆ. ಉಷ್ಣತೆಗೆ ಮೂರು ಅಂಕಿ. 077 ಎಂದರೆ 77 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 25 ಡಿಗ್ರಿ ಸೆಲ್ಸಿಯಸ್. ಆರ್ದ್ರತೆಗೆ ಎರಡೇ ಅಂಕಿ. ಹಾಗಾದರೆ ಶೇಕಡ 100 ಆರ್ದ್ರತೆಯನ್ನು ಬರೆಯುವುದು ಹೇಗೆ? 00 ಎಂದು! ಈ ಒಪ್ಪಂದವನ್ನು ಅರಿಯದವರು ದಟ್ಟ ಮಂಜಿನ ಮುಂಜಾನೆಯನ್ನು ಮರಳುಗಾಡಿಗಿಂತ ಒಣಗಿದ್ದೆಂದು ತಿಳಿದಾರು.

ಇಟಲಿಯ ಇವ್ರೆಯದಲ್ಲಿ ವಿದ್ಯಾರ್ಥಿಗಳಿಗೆಂದು 2005ರಲ್ಲಿ ತಯಾರಾದ ಆರ್ಡುಯಿನೋ ಎಂಬ ಅಗ್ಗದ ಫಲಕ ಬಂದ ಮೇಲೆ ಮನೆಯಲ್ಲೇ ಸಂವೇದಕ ಕಟ್ಟುವುದು ಸುಲಭವಾಯಿತು. ಅದೇ ವರ್ಷ ಭಾರತವು 865ರಿಂದ 867 ಮೆಗಾಹರ್ಟ್ಸ್ ವರೆಗಿನ ಪಟ್ಟಿಯನ್ನು ಅಲ್ಪಶಕ್ತಿಯ ಉಪಕರಣಗಳಿಗೆ ಪರವಾನಗಿಯಿಲ್ಲದೆ ಬಳಸಲು ಬಿಟ್ಟುಕೊಟ್ಟಿತು. ಟೆಲಿವಿಷನ್ ನೋಡಲೆಂದು ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಗ್ರಾಹಕವನ್ನೇ ಇಂಥ ಸಂಕೇತಗಳನ್ನು ಕೇಳುವ ಕಿವಿಯಾಗಿ ಬಳಸಬಹುದು ಎಂಬುದು 2012ರ ಹೊತ್ತಿಗೆ ಹವ್ಯಾಸಿಗಳಲ್ಲಿ ಪ್ರಚಾರಕ್ಕೆ ಬಂತು.

ಇನ್ನು ಮನೆಯಲ್ಲಿ ತಯಾರಿಸಿದ ಸಂವೇದಕವನ್ನು ತಂತ್ರಾಂಶಕ್ಕೆ ಜೋಡಿಸುವ ಬಗೆ. ವೀವೆಕ್ಸ್ ಎಂಬ ಉಚಿತ ತಂತ್ರಾಂಶವನ್ನೇ ನೋಡಿ. ಅದಕ್ಕೆ ಲೋಕದ ಎಲ್ಲ ಸಂವೇದಕಗಳ ಭಾಷೆ ಗೊತ್ತಿಲ್ಲ. ಪ್ರತಿಯೊಂದು ಬಗೆಯ ಉಪಕರಣಕ್ಕೂ ಡ್ರೈವರ್ ಎಂಬ ದುಭಾಷಿಯೊಬ್ಬ ಬೇಕು. ಸಂವೇದಕವನ್ನು ನಾವೇ ಕಟ್ಟಿದರೆ ದುಭಾಷಿಯನ್ನೂ ನಾವೇ ಬರೆಯಬೇಕು. ದುಭಾಷಿ ತಲುಪಿಸುವ ಪ್ರತಿಯೊಂದು ಸುದ್ದಿಯಲ್ಲೂ ಅಳತೆಯ ಜೊತೆಗೆ ಎರಡು ಸಂಗತಿಗಳು ಇರಲೇಬೇಕು: ಅಳೆದ ಸಮಯ ಮತ್ತು ಅಳತೆಯ ಮಾನ. 25 ಎಂಬುದು ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಎಂದು ಊಹಿಸಲು ಅಲ್ಲಿ ಅವಕಾಶವಿಲ್ಲ. ಪ್ರೇಷಕವೂ ತನ್ನ ಗುರುತಿನ ಸಂಖ್ಯೆಯನ್ನು ಕಳುಹಿಸಬೇಕು. ಇಲ್ಲವಾದರೆ ಪಕ್ಕದ ಮನೆಯ ಮಾಪಕದ ಅಂಕಿ ನಮ್ಮ ದಾಖಲೆಗೆ ಸೇರೀತು. ಕೊನೆಗೆ ಒಂದು ತಾಳೆಯ ಅಂಕಿಯಿರಬೇಕು. ಹಿಂದಿನ ಅಂಕಿಗಳನ್ನೆಲ್ಲ ಲೆಕ್ಕ ಹಾಕಿದಾಗ ಅದು ಹೊಂದದಿದ್ದರೆ, ದಾರಿಯಲ್ಲಿ ಸುದ್ದಿ ಕೆಟ್ಟಿದೆ ಎಂದು ಅರ್ಥ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಬ್ಯಾಟರಿ ಮುಗಿದು ಸಂವೇದಕ ಸುಮ್ಮನಾದರೆ ತಂತ್ರಾಂಶ ಏನನ್ನು ಬರೆದುಕೊಳ್ಳಬೇಕು? ಸೊನ್ನೆಯೇ? ಖಂಡಿತ ಕೂಡದು. ವೀವೆಕ್ಸಿನಲ್ಲಿ ಇಂಥ ಸ್ಥಳವನ್ನು ಖಾಲಿ ಬಿಡಬಹುದು. ಮಳೆ ಬರಲಿಲ್ಲ ಎಂಬುದು ಒಂದು ಸುದ್ದಿ. ಸುದ್ದಿ ಬರಲಿಲ್ಲ ಎಂಬುದು ಬೇರೆಯೇ ಮಾತು.

ಈ ವ್ಯತ್ಯಾಸದ ಬೆಲೆಯನ್ನು ನಮ್ಮ ರೈತರು ಬಲ್ಲರು. 1988ರಲ್ಲಿ ಬರ ನಿರ್ವಹಣೆಯ ಪುಟ್ಟ ಘಟಕವಾಗಿ ಆರಂಭಗೊಂಡು, ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದ ಸಂಸ್ಥೆಯು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ಸ್ಥಾಪಿಸಿತು. ಬಿಸಿಲಿನಿಂದ ವಿದ್ಯುತ್ ಪಡೆದು, ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ಅಂಕಿ ಕಳುಹಿಸುವ ಮಾಪಕಗಳಿವು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಇಂಥ ಅಂಕಿಗಳಿಂದ. ಕೆಟ್ಟುಹೋದ ಮಾಪಕದ ಮೌನವನ್ನು ಸೊನ್ನೆ ಎಂದೋ, ಸೊನ್ನೆಯನ್ನು ಮೌನವೆಂದೋ ಓದಿದರೆ, ಒಂದು ಊರಿನ ಬರವೇ ಕಾಗದದಲ್ಲಿ ಕಾಣದೆ ಹೋಗಬಹುದು.

ಆದ್ದರಿಂದ ಮನೆಯಲ್ಲಿ ಮಾಪಕ ಕಟ್ಟಲು ಹೊರಡುವ ವಿದ್ಯಾರ್ಥಿಗಳು ಮೊದಲು ಅದನ್ನು ನೇರ ಬಿಸಿಲು ತಾಗದ, ಗಾಳಿಯಾಡುವ ಬಿಳಿಯ ಪೆಟ್ಟಿಗೆಯಲ್ಲಿಡಲಿ. ನಂಬಿಕೆಗೆ ಅರ್ಹವಾದ ಉಷ್ಣತಾಮಾಪಕವೊಂದನ್ನು ಅದರ ಪಕ್ಕದಲ್ಲಿಟ್ಟು ಕೆಲವು ದಿನ ಎರಡನ್ನೂ ಹೋಲಿಸಿ, ವ್ಯತ್ಯಾಸವನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಲಿ. ಆಮೇಲೆ ಒಂದು ರಾತ್ರಿ ಬೇಕೆಂದೇ ಬ್ಯಾಟರಿಯನ್ನು ತೆಗೆದುಬಿಡಲಿ. ಬೆಳಗ್ಗೆ ಎದ್ದು ನೋಡಿದಾಗ ಕಂಪ್ಯೂಟರಿನ ದಾಖಲೆಯಲ್ಲಿ ಆ ರಾತ್ರಿಯ ಜಾಗ ಖಾಲಿಯಿದ್ದರೆ, ಅವರು ಕಟ್ಟಿದ ಕೇಂದ್ರ ಸರಿಯಾಗಿ ಕೆಲಸ ಮಾಡುತ್ತಿದೆ ಎಂದೇ ತಿಳಿಯಬೇಕು.