ಬೆಂಗಳೂರಿನ ನೆಲದಡಿಯ ರೈಲು ಸುರಂಗ

ಗೋಕಾಕದಲ್ಲಿ ಘಟಪ್ರಭೆಯು ಧುಮುಕುವೆಡೆ ಮರಳುಗಲ್ಲಿನ ಪದರಗಳು ಬಯಲಿಗೇ ತೋರುತ್ತವೆ. ಹುಕ್ಕೇರಿ, ಮೂಡಲಗಿಗಳತ್ತ ಸಾಗಿದರೆ ದಖನ್ನಿನ ಕರಿಗಲ್ಲಿನ ಹಾಸು ದೊರೆಯುತ್ತದೆ. ಈ ಭಾಗದ ವಿದ್ಯಾರ್ಥಿಗೆ ನೆಲದ ಒಡಲು ಅಷ್ಟಾಗಿ ಅಪರಿಚಿತವಲ್ಲ. ಬೆಂಗಳೂರಿನ ನೆಲ ಹಾಗಲ್ಲ. ಅಲ್ಲಿಯ ನೈಸ್ ಮತ್ತು ಗ್ರಾನೈಟ್ ಶಿಲೆಗಳು ದೀರ್ಘಕಾಲದ ಮಳೆ ಬಿಸಿಲುಗಳಿಂದ ಅಸಮವಾಗಿ ಶಿಥಿಲಗೊಂಡು, ಒಂದೆಡೆ ಮೆದು ಮಣ್ಣೂ ಮಗ್ಗುಲಲ್ಲೇ ಗಟ್ಟಿ ಬಂಡೆಯೂ ನೆಲದಡಿ ಅಡಗಿವೆ. ಆದುದರಿಂದ ಆ ನಗರದ ಸುರಂಗದ ಇತಿಹಾಸವನ್ನು ಉದ್ಘಾಟನೆಗಳ ತಾರೀಖುಗಳಿಂದ ಮಾತ್ರ ಬರೆಯಲಾಗದು.

ಯೋಜನೆಯ ಪೂರ್ವಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ೧೯೯೦ರ ದಶಕದಲ್ಲಿ ಕಂಬಗಳ ಮೇಲಿನ ಲಘು ರೈಲಿನ ಆಲೋಚನೆಯೊಂದು ನಡೆದು ಕಾಗದದಲ್ಲಿಯೇ ಉಳಿಯಿತು. ಮೆಟ್ರೋ ರೈಲಿಗೆ ೨೦೦೬ರಲ್ಲಿ ಕೇಂದ್ರದ ಒಪ್ಪಿಗೆ ದೊರೆಯಿತು. ಮೊದಲ ಹಂತದ ಸುಮಾರು ೪೨ ಕಿಲೋಮೀಟರುಗಳಲ್ಲಿ ೯ ಕಿಲೋಮೀಟರಿನಷ್ಟು ಮಾತ್ರ ನೆಲದಡಿಯದು. ಕಂಬಗಳಿಗೆ ಎಡೆಯಿಲ್ಲದ ಚಿಕ್ಕಪೇಟೆಯ ಇಕ್ಕಟ್ಟಾದ ಬೀದಿಗಳೂ ವಿಧಾನಸೌಧದ ಆಸುಪಾಸೂ ಈ ಭಾಗಕ್ಕೆ ಸೇರಿದುವು.

ಕಷ್ಟವೆಲ್ಲ ಇಲ್ಲಿಯೇ. ಸುರಂಗ ಕೊರೆಯುವ ಯಂತ್ರವು ಬಂಡೆಯಲ್ಲಿ ಉಕ್ಕಿನ ಬಿಲ್ಲೆಗಳಿಂದ ಕಲ್ಲನ್ನು ಪುಡಿಗೈಯುತ್ತದೆ. ಮಣ್ಣಿನಲ್ಲಾದರೆ ಎದುರಿನ ಮುಖವು ಕುಸಿಯದಂತೆ ಒತ್ತಿಹಿಡಿದು ಸಾಗುತ್ತದೆ. ಮುಖದ ಅರ್ಧ ಬಂಡೆ, ಅರ್ಧ ಮಣ್ಣಾದಾಗ ಬಿಲ್ಲೆಗಳು ಬಂಡೆಯ ಅಂಚಿಗೆ ಬಡಿದು ಮುರಿಯುತ್ತವೆ. ಅತ್ತ ಮಣ್ಣು ಮಿತಿಮೀರಿ ಒಳಸರಿದು ಮೇಲಿನ ನೆಲ ತಗ್ಗುತ್ತದೆ. ‘ಗೋದಾವರಿ’ ಎಂಬ ಯಂತ್ರವು ಚಿಕ್ಕಪೇಟೆ ಮತ್ತು ಮೆಜೆಸ್ಟಿಕ್‌ಗಳ ನಡುವೆ ಕೆಟ್ಟು ತಿಂಗಳುಗಟ್ಟಲೆ ನಿಂತು, ೨೦೧೬ರಲ್ಲಿ ಹೊರಬಂದಿತು. (ದೊಡ್ಡ ನದಿಯೊಂದೂ ಹರಿಯದ ಊರಿನಲ್ಲಿ ಯಂತ್ರಗಳಿಗೆ ನದಿಗಳ ಹೆಸರು!) ಪೂರ್ವ-ಪಶ್ಚಿಮದ ಸುರಂಗವು ೨೦೧೬ರ ಏಪ್ರಿಲ್‌ನಲ್ಲಿಯೂ ಉತ್ತರ-ದಕ್ಷಿಣದ್ದು ೨೦೧೭ರ ಜೂನ್‌ನಲ್ಲಿಯೂ ಸಂಚಾರಕ್ಕೆ ತೆರೆದುವು.

ಎರಡನೆಯ ಹಂತದಲ್ಲಿ ಡೈರಿ ವೃತ್ತದಿಂದ ನಾಗವಾರದವರೆಗಿನ ೧೩.೭೬ ಕಿಲೋಮೀಟರುಗಳಿಗೆ ಒಂಬತ್ತು ಯಂತ್ರಗಳು ಬೇಕಾದುವು. ‘ಊರ್ಜಾ’ ಮೊದಲನೆಯದಾಗಿ ೨೦೨೧ರ ಸೆಪ್ಟೆಂಬರಿನಲ್ಲಿ ಶಿವಾಜಿನಗರದಲ್ಲಿ ಹೊರಬಂದಿತು. ‘ತುಂಗಾ’ ಕೊನೆಯದಾಗಿ ೨೦೨೪ರ ಅಕ್ಟೋಬರ್ ೩೦ರಂದು ಕೊರೆತವನ್ನು ಮುಗಿಸಿತು. ಈ ನಡುವೆ, ೨೦೨೩ರ ಜನವರಿಯಲ್ಲಿ, ಬ್ರಿಗೇಡ್ ರಸ್ತೆಯ ಬಳಿ ರಸ್ತೆಯೇ ಕುಸಿದು ಬೈಕ್ ಸವಾರನೊಬ್ಬನು ಗಾಯಗೊಂಡನು.

ಇಂತಹ ನೆಲದಲ್ಲಿ ಕೊರೆಯುವ ಎಂಜಿನಿಯರನಿಗೆ ಮಣ್ಣಿನ ಪರೀಕ್ಷೆಯೊಂದೇ ಸಾಲದು. ಮುಚ್ಚಿಹೋದ ಬಾವಿ ಎಲ್ಲಿತ್ತು, ಕೆರೆಯ ಅಂಗಳ ಎಲ್ಲಿಯವರೆಗಿತ್ತು ಎಂಬುದನ್ನೂ ಅವನು ಅರಿತಿರಬೇಕು. ಮೆಜೆಸ್ಟಿಕ್‌ನ ಬಸ್ ನಿಲ್ದಾಣವೇ ಬತ್ತಿದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿದೆ. ಎರಡೂ ಸುರಂಗಗಳು ಕೂಡುವುದು ಅದರ ಮಗ್ಗುಲಿನಲ್ಲಿಯೇ. ಹಳೆಯ ನಕಾಶೆಗಳನ್ನೂ ಕಂದಾಯದ ಕಡತಗಳನ್ನೂ ಓದಬಲ್ಲ ಇತಿಹಾಸಕಾರನಿಗೆ ಇಲ್ಲಿ ಕೆಲಸವಿದೆ.