ಒಡೆದ ಬಾಗಿಲು ಯಾರ ಲೆಕ್ಕಕ್ಕೆ?

ಪೊಲೀಸರು ಬಾಗಿಲು ಒಡೆದು ನುಗ್ಗೋ ದೃಶ್ಯವನ್ನ ನಾವು ಲೆಕ್ಕವಿಲ್ಲದಷ್ಟು ಸಿನಿಮಾಗಳಲ್ಲಿ ನೋಡಿದ್ದೀವಿ. ಒಂದೇ ಒದೆ, ಚಿಲಕ ಕಿತ್ತು ಹಾರುತ್ತೆ, ಕಳ್ಳ ಸಿಕ್ಕಿಬೀಳ್ತಾನೆ, ಸೀನ್ ಕಟ್. ಆದರೆ ಜೀಪು ಹೊರಟ ಮೇಲೆ ಆ ಮನೆಯ ಗತಿ? ರಾತ್ರಿಯೆಲ್ಲಾ ಬಾಗಿಲಿಲ್ಲದೆ ಹಾಗೇ ಬಿದ್ದಿರುತ್ತಾ? ಬಡಗಿಯನ್ನ ಕರೆಸೋರು ಯಾರು, ದುಡ್ಡು ಕೊಡೋರು ಯಾರು? ತಮಾಷೆ ಅಂದ್ರೆ, ಬಾಗಿಲನ್ನ ಯಾವಾಗ ಒಡೆಯಬಹುದು ಅನ್ನೋದಕ್ಕೆ ನಾನೂರು ವರ್ಷದ ಕಾನೂನಿನ ಇತಿಹಾಸ ಇದೆ. ಒಡೆದಮೇಲೆ ಏನು ಅನ್ನೋದಕ್ಕೆ ಇರೋದು ತೀರಾ ಕಮ್ಮಿ.

ಕಥೆ ಶುರುವಾಗೋದು ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್‌ನಲ್ಲಿ. ಬೆರಿಸ್‌ಫೋರ್ಡ್ ಅನ್ನೋನು ಸಾಲ ಉಳಿಸಿ ಸತ್ತ. ಅವನ ಸಾಮಾನು ಜೊತೆಗಾರ ಗ್ರೆಶಮ್ ಇದ್ದ ಮನೆಯಲ್ಲೇ ಉಳೀತು. ಸಾಲ ಕೊಟ್ಟಿದ್ದ ಸೆಮೇನ್ ಕೋರ್ಟಿನ ಆದೇಶ ತಂದ. ಷೆರಿಫ್ ಬಂದಾಗ ಗ್ರೆಶಮ್ ಬಾಗಿಲು ಹಾಕಿಕೊಂಡುಬಿಟ್ಟ. 1604ರಲ್ಲಿ ತೀರ್ಪು ಬಂತು: ಮನೆ ಅನ್ನೋದು ಅದರಲ್ಲಿರೋನಿಗೆ ಕೋಟೆ ಇದ್ದ ಹಾಗೆ. ಖಾಸಗಿ ಸಾಲಕ್ಕಾಗಿ ಅದನ್ನ ಒಡೆಯೋ ಹಾಗಿಲ್ಲ. ರಾಜನ ಕೆಲಸವಾದರೆ ಒಡೆಯಬಹುದು. ಆದರೆ ಮೊದಲು ಯಾಕೆ ಬಂದಿದ್ದೀವಿ ಅಂತ ಹೇಳಿ, ಬಾಗಿಲು ತೆಗೆಯಿರಿ ಅಂತ ಕೇಳಬೇಕು. ಯಾಕೆ? ತಪ್ಪೇ ಮಾಡದ ಮಾಲೀಕನ ಮನೆ ಒಡೆದರೆ ಅವನಿಗೆ ನಷ್ಟ, ತೊಂದರೆ. ಕೇಳಿದ್ದರೆ ಅವನೇ ತೆಗೀತಿದ್ದನೋ ಏನೋ! ಅಂದ್ರೆ, ಬಾಗಿಲು ಬಡಿದು ಕೇಳಬೇಕು ಅನ್ನೋ ನಿಯಮದ ಹಿಂದೆ ಇದ್ದದ್ದು ಮರ್ಯಾದೆಯಷ್ಟೇ ಅಲ್ಲ, ಒಡೆದ ಬಾಗಿಲಿನ ನಷ್ಟದ ಯೋಚನೆ ಕೂಡ.

ಮುಂದಿನ ಹೆಜ್ಜೆ 1762ರದ್ದು. ಸರ್ಕಾರವನ್ನ ಟೀಕಿಸೋ ಬರಹಗಳಿಗಾಗಿ ರಾಜನ ದೂತರು ಜಾನ್ ಎಂಟಿಕ್ ಅನ್ನೋ ಲೇಖಕನ ಮನೆಗೆ ನುಗ್ಗಿದರು. ನಾಲ್ಕು ಗಂಟೆ ಹುಡುಕಿ, ಬೀಗಗಳನ್ನ ಮುರಿದು, ಕಾಗದಪತ್ರ ಹೊತ್ತುಕೊಂಡು ಹೋದರು. ಎಂಟಿಕ್ ಕೇಸು ಹಾಕಿದ. ಮಂತ್ರಿ ಕೊಟ್ಟ ಆ ವಾರಂಟಿಗೆ ಕಾನೂನಿನ ಬಲವೇ ಇಲ್ಲ ಅಂತ 1765ರಲ್ಲಿ ತೀರ್ಪಾಯಿತು. ಎಂಟಿಕ್‌ಗೆ ಸಿಕ್ಕ ಪರಿಹಾರ 300 ಪೌಂಡ್.

ಇಲ್ಲಿಗೆ ಒಂದು ಲೆಕ್ಕ ಸರಿಹೋಯ್ತು: ಅಕ್ರಮವಾಗಿ ಒಡೆದರೆ ಒಡೆದವನೇ ಕೊಡಬೇಕು. ಸಕ್ರಮವಾಗಿ ಒಡೆದರೆ? ಅಲ್ಲೇ ಇರೋದು ಕಗ್ಗಂಟು.

ಇವತ್ತು ಇಂಗ್ಲೆಂಡ್ ಪೊಲೀಸರ ಹತ್ರ ಸುಮಾರು 16 ಕಿಲೋ ತೂಕದ ಉಕ್ಕಿನ ದಿಮ್ಮಿ ಇರುತ್ತೆ. ಅದಕ್ಕೆ ಅವರಿಟ್ಟಿರೋ ಅಡ್ಡಹೆಸರು 'ದೊಡ್ಡ ಕೆಂಪು ಕೀಲಿ'. 1984ರ ಪೊಲೀಸ್ ಕಾಯ್ದೆಯ ಪ್ರಕಾರ ಆರೋಪಿಯನ್ನ ಹಿಡಿಯೋಕೆ ಮಾತ್ರವಲ್ಲ, ಒಳಗಿರೋರ ಜೀವ ಉಳಿಸೋಕೂ ಬಾಗಿಲು ಒಡೆಯಬಹುದು. ಅದರ ಜೊತೆಗಿರೋ ಸಂಹಿತೆ ಇನ್ನೊಂದು ಮಾತು ಸೇರಿಸುತ್ತೆ: ಬಲವಂತವಾಗಿ ನುಗ್ಗಿ ತಪಾಸಣೆ ಮಾಡಿದ ಮನೆಯನ್ನ ಭದ್ರ ಮಾಡದೆ ಅಧಿಕಾರಿ ಅಲ್ಲಿಂದ ಹೊರಡೋ ಹಾಗಿಲ್ಲ. ಒಂದೋ ಮನೆಯವರನ್ನ ಕರೆಸಬೇಕು, ಇಲ್ಲಾ ಬೇರೆ ವ್ಯವಸ್ಥೆ ಮಾಡಬೇಕು. ಹಾಗಾಗಿ ನಡುರಾತ್ರಿಯಲ್ಲೂ ಗುತ್ತಿಗೆದಾರ ಬಂದು ಪ್ಲೈವುಡ್ ಹಲಗೆ ಬಡಿದು, ಹೊಸ ಬೀಗ ಹಾಕಿ ಹೋಗೋ ಪದ್ಧತಿ ಇದೆ.

ಸರಿ, ಬಿಲ್ಲು? ವಿಳಾಸ ತಪ್ಪಿ ಬೇರೆಯವರ ಮನೆಗೆ ನುಗ್ಗಿದ್ದರೆ ಸಾಮಾನ್ಯವಾಗಿ ಪರಿಹಾರ ಕೊಡಬೇಕು ಅನ್ನುತ್ತೆ ಆ ಸಂಹಿತೆ. ತಪಾಸಣೆ ಕಾನೂನುಬದ್ಧವಾಗಿದ್ದು, ಬಳಸಿದ ಬಲವೂ ಅಗತ್ಯದಷ್ಟೇ ಇದ್ದರೆ ಪರಿಹಾರ ಸಿಗೋದು ಅನುಮಾನ. ಆದರೆ ಅಲ್ಲಿ ನಷ್ಟ ಆಗೋದು ಯಾರಿಗೆ? ಎಷ್ಟೋ ಸಲ ಆರೋಪಿಯ ತಾಯಿಗೆ, ಬಾಡಿಗೆಗೆ ಕೊಟ್ಟ ಮಾಲೀಕನಿಗೆ.

ಅಮೆರಿಕದ ಉದಾಹರಣೆ ಇನ್ನೂ ಕಟುವಾಗಿದೆ. 2015ರಲ್ಲಿ ಕೊಲೊರಾಡೋ ರಾಜ್ಯದಲ್ಲಿ ಅಂಗಡಿ ಕಳ್ಳನೊಬ್ಬ ಸಂಬಂಧವೇ ಇಲ್ಲದವರ ಮನೆ ಹೊಕ್ಕು ಗುಂಡು ಹಾರಿಸಿದ. ಪೊಲೀಸರು 19 ಗಂಟೆ ಕಾದಾಡಿ, ಸ್ಫೋಟಕ ಬಳಸಿ ಅವನನ್ನ ಹಿಡಿದರು. ಮನೆ ವಾಸಕ್ಕೆ ಬಾರದ ಹಾಗಾಯ್ತು. ನಗರಾಡಳಿತ ಕೊಡ್ತೀನಿ ಅಂದಿದ್ದು 5,000 ಡಾಲರ್. ಪರಿಹಾರ ಕೊಡೋ ಬಾಧ್ಯತೆ ಇಲ್ಲ ಅಂತ ಮೇಲ್ಮನವಿ ಕೋರ್ಟು 2019ರಲ್ಲಿ ಹೇಳ್ತು. ಸುಪ್ರೀಂ ಕೋರ್ಟು ಕೇಸನ್ನ ಕೈಗೇ ತಗೊಳ್ಳಲಿಲ್ಲ.

ನಮ್ಮಲ್ಲೂ ಇರೋದು ಅದೇ ಇಂಗ್ಲಿಷ್ ಬೇರಿನ ಕಾನೂನು. 1898ರ ದಂಡ ಪ್ರಕ್ರಿಯಾ ಸಂಹಿತೆಯ 48ನೇ ಕಲಮು, 1973ರಲ್ಲಿ 47 ಆಯ್ತು, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 44. ನಂಬರ್ ಬದಲಾಯ್ತು, ತಿರುಳು ಅದೇ: ಯಾರು, ಯಾಕೆ ಬಂದಿದ್ದೀವಿ ಅಂತ ಹೇಳಿ, ಕೇಳಿ, ತೆಗೆಯದಿದ್ದರೆ ಒಡೆಯಿರಿ. ಒಳಗೆ ಪರದೆಯಲ್ಲಿರೋ ಹೆಂಗಸರಿದ್ದರೆ ಆಚೆ ಹೋಗೋಕೆ ಅವಕಾಶ ಕೊಡಿ ಅನ್ನೋಷ್ಟು ಸೂಕ್ಷ್ಮವೂ ಅದರಲ್ಲಿದೆ. ಆದರೆ ಒಡೆದ ಬಾಗಿಲನ್ನ ಏನು ಮಾಡಬೇಕು ಅಂತ ಆ ಕಲಮಿನಲ್ಲಿ ಒಂದು ಸಾಲೂ ಇಲ್ಲ. ನಮ್ಮ ಕೋಡಿಂಗ್ ಭಾಷೆಯಲ್ಲಿ ಹೇಳೋದಾದ್ರೆ, ಫೈಲ್ ಓಪನ್ ಮಾಡೋಕೆ ನೂರೆಂಟು ಚೆಕ್, ಕ್ಲೋಸ್ ಮಾಡೋದು ಮಾತ್ರ ಮರೆತೇಹೋಗಿದೆ.

ಹಾಗಂತ ಒಡೆದ ಪೊಲೀಸಪ್ಪನ ಜೇಬಿನಿಂದ ಕಕ್ಕಿಸೋದೂ ಸರಿಯಲ್ಲ. ಬಾತ್‌ರೂಮಿನಲ್ಲಿ ಬಿದ್ದ ಅಜ್ಜನನ್ನ ಉಳಿಸಬೇಕಾದ ಹೊತ್ತಲ್ಲಿ ಅವನು ಬಾಗಿಲಿನ ರೇಟು ಲೆಕ್ಕ ಹಾಕ್ತಾ ನಿಂತರೆ? ಎಲ್ಲರ ಸುರಕ್ಷತೆಗಾಗಿ ಒಡೆದ ಬಾಗಿಲಾದರೆ ಅದರ ಖರ್ಚೂ ಎಲ್ಲರದ್ದಾಗಬೇಕು, ಅಂದ್ರೆ ಸರ್ಕಾರದ ಬೊಕ್ಕಸದ್ದು. ಅವತ್ತು ರಾತ್ರಿಯೇ ಹಲಗೆ ಬಡಿಯೋ ಜವಾಬ್ದಾರಿ ಕೂಡ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಅಂತ ಗಾದೆ ಹೇಳಿ ನಗ್ತೀವಿ. ಇಲ್ಲಿ ಕೋಟೆ ಅಂತ ಹೆಸರಿಟ್ಟು ನಾನೂರು ವರ್ಷ ಆಯ್ತು. ದಿಡ್ಡಿ ಬಾಗಿಲು ಹಾಕೋರು ಯಾರು ಅನ್ನೋದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ಅಲ್ಲೀವರೆಗೆ, ಒಬ್ಬರೇ ಇರೋ ಅಪ್ಪ ಅಮ್ಮನ ಮನೆಯ ಇನ್ನೊಂದು ಕೀಲಿಯನ್ನ ನಂಬಿಕಸ್ತ ನೆರೆಯವರ ಹತ್ರ ಕೊಟ್ಟಿಡಿ.