ಹುಲ್ಲುಹಾಸಿನ ಹೊಗೆ

ಇಂಗ್ಲೆಂಡಿನ ಸ್ಟ್ರೌಡ್ ಪಟ್ಟಣದ ಸುತ್ತಣ ಕಣಿವೆಗಳು ಉಣ್ಣೆಯ ಗಿರಣಿಗಳಿಂದ ತುಂಬಿದ್ದ ಕಾಲದಲ್ಲಿ, ನೇಯ್ದ ಬಟ್ಟೆಯ ಮೇಲೆದ್ದ ನವಿರನ್ನು ಸಮನಾಗಿ ಸವರುವುದಕ್ಕೆಂದು ತಿರುಗುವ ಅಲಗುಗಳ ಯಂತ್ರವೊಂದು ಬಳಕೆಯಲ್ಲಿದ್ದಿತು. ಬಟ್ಟೆಯನ್ನು ಸವರಬಲ್ಲ ಅಲಗು ನೆಲದ ಹುಲ್ಲನ್ನೇಕೆ ಸವರಲಾರದೆಂದು ಯೋಚಿಸಿದವನು ಎಡ್ವಿನ್ ಬಡ್ಡಿಂಗ್ ಎಂಬ ಯಂತ್ರಕುಶಲಿ. 1830ರಲ್ಲಿ ಅವನು ಪಡೆದ ಪೇಟೆಂಟಿನೊಡನೆ ಹುಲ್ಲು ಸವರುವ ಯಂತ್ರದ ಚರಿತ್ರೆ ಮೊದಲಾಗುತ್ತದೆ. ಅದಕ್ಕೆ ಮುನ್ನ, ಇಬ್ಬನಿ ಆರುವುದರೊಳಗಾಗಿ ಉದ್ದ ಹಿಡಿಯ ಕುಡುಗೋಲನ್ನು ಬೀಸುತ್ತ ಸಾಗುವ ಕೂಲಿಗಳಿಲ್ಲದೆ ಶ್ರೀಮಂತರ ಹುಲ್ಲುಹಾಸು ನುಣುಪಾಗುತ್ತಿರಲಿಲ್ಲ. ತನ್ನ ಯಂತ್ರವು ಹಳ್ಳಿಗಾಡಿನ ದೊಡ್ಡಮನುಷ್ಯರಿಗೆ ವಿನೋದವೂ ಆರೋಗ್ಯಕರವೂ ಆದ ವ್ಯಾಯಾಮವನ್ನೊದಗಿಸೀತೆಂದು ಬಡ್ಡಿಂಗ್ ಆಶಿಸಿದ್ದನು. ಆದರೆ ಎರಕದ ಕಬ್ಬಿಣದ ಆ ಭಾರವನ್ನು ಹಿಂದಿನಿಂದ ತಳ್ಳುವವನಲ್ಲದೆ ಮುಂದಿನಿಂದ ಎಳೆಯುವವನೂ ಬೇಕಾದುದರಿಂದ, ಆ ವಿನೋದವು ಮಾಲಿಗಳ ಪಾಲಿಗೇ ಉಳಿಯಿತೆಂದು ಊಹಿಸಲು ಅಡ್ಡಿಯಿಲ್ಲ.

ದೊಡ್ಡ ಯಂತ್ರಗಳಿಗೆ ಕುದುರೆಯನ್ನು ಕಟ್ಟಿದರು. ಗೊರಸಿನ ಗುರುತು ಹಸುರಿನ ಮೇಲೆ ಬೀಳದಿರಲೆಂದು ಅದಕ್ಕೆ ಚರ್ಮದ ಪಾದರಕ್ಷೆಯನ್ನೂ ತೊಡಿಸಿದರು. ಹತ್ತೊಂಬತ್ತನೆಯ ಶತಮಾನದ ಅಂತ್ಯಕ್ಕೆ ಉಗಿಯಂತ್ರ ಬಂದಿತು. 1902ರಲ್ಲಿ ಇಪ್ಸ್‌ವಿಚ್‌ನ ರಾನ್ಸಮ್ಸ್ ಸಂಸ್ಥೆ ಪೆಟ್ರೋಲಿನ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ವಿದ್ಯುತ್ತಿನಿಂದ ನಡೆಯುವ ಯಂತ್ರಗಳೂ 1920ರ ದಶಕದಲ್ಲಿಯೇ ತಯಾರಾದುವಾದರೂ, ಹಿಂದೆ ತಂತಿಯನ್ನೆಳೆದುಕೊಂಡು ತಿರುಗಬೇಕಾದ ಸಾಧನವು ವಿಶಾಲವಾದ ಅಂಗಳಗಳಲ್ಲಿ ಪೆಟ್ರೋಲಿಗೆ ಸರಿಸಾಟಿಯಾಗಲಿಲ್ಲ.

ಹೊಗೆಯ ಪ್ರಕರಣ ತೀವ್ರವಾದುದು ಅಮೆರಿಕದಲ್ಲಿ, ಅದರಲ್ಲಿಯೂ ಬೆನ್ನಿಗೆ ಹೊತ್ತು ಎಲೆಗಳನ್ನು ಊದಿ ಗುಡ್ಡೆಹಾಕುವ ಯಂತ್ರದಿಂದ. ಅದರ ಹಗುರವಾದ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನೊಡನೆಯೇ ಎಣ್ಣೆಯನ್ನು ಬೆರೆಸಬೇಕು. ಹೊಸ ಮಿಶ್ರಣವು ಒಳನುಗ್ಗುವಾಗ ಹಳೆಯ ಹೊಗೆ ಹೊರಹೋಗುವ ದಾರಿ ಇನ್ನೂ ತೆರೆದೇ ಇರುವುದರಿಂದ, ಇಂಧನದ ಗಣನೀಯ ಭಾಗ ಉರಿಯದೆಯೇ ಗಾಳಿಗೆ ಸೇರುತ್ತದೆ. ಆ ಹೈಡ್ರೋಕಾರ್ಬನ್‌ಗಳು ನೈಟ್ರೋಜನ್ ಆಕ್ಸೈಡ್‌ಗಳೊಡನೆ ಬಿಸಿಲಿನಲ್ಲಿ ವರ್ತಿಸಿ ಓಜೋನನ್ನು ಹುಟ್ಟಿಸುತ್ತವೆ. ಕಾರುಗಳ ಹೊಗೆಯನ್ನು ಕಾನೂನು ಕ್ರಮೇಣ ಕಟ್ಟಿಹಾಕಿತು. ಅಂಗಳದ ಎಂಜಿನ್ನುಗಳನ್ನು ಬಹುಕಾಲ ಯಾರೂ ಕೇಳಲಿಲ್ಲ. ಕ್ಯಾಲಿಫೋರ್ನಿಯಾದ ವಾಯುಮಂಡಳಿಯ ಲೆಕ್ಕದಂತೆ, ವೃತ್ತಿನಿರತರು ಬಳಸುವ ಊದುಯಂತ್ರವೊಂದರ ಒಂದು ಗಂಟೆಯ ಹೊಗೆ, ಹೊಗೆಮಂಜನ್ನುಂಟುಮಾಡುವಲ್ಲಿ, 2017ರ ಮಾದರಿಯ ಕಾರು ಸುಮಾರು 1,100 ಮೈಲಿ ಓಡಿದುದಕ್ಕೆ ಸಮ.

ಸಮುದ್ರತೀರದ ಕಾರ್ಮೆಲ್ ಎಂಬ ಸಿರಿವಂತರ ಊರು 1975ರಲ್ಲಿಯೇ ಊದುಯಂತ್ರವನ್ನು ನಿಷೇಧಿಸಿತು. ಲಾಸ್ ಏಂಜಲೀಸ್ ನಗರವು ಮನೆಗಳ ಸಮೀಪದಲ್ಲಿ ಪೆಟ್ರೋಲಿನ ಊದುಯಂತ್ರವನ್ನು ತಡೆಯಹೊರಟಾಗಲಾದರೋ, ಪೊರಕೆ ಹಿಡಿದರೆ ದಿನಕ್ಕೆ ಅಷ್ಟು ಮನೆಗಳನ್ನು ಮುಗಿಸಲಾಗದ ಲ್ಯಾಟಿನ್ ಅಮೆರಿಕ ಮೂಲದ ಮಾಲಿಗಳು 1998ರ ಜನವರಿಯಲ್ಲಿ ನಗರಭವನದ ಮುಂದೆ ಉಪವಾಸ ಕುಳಿತರು. ಆ ಹೊಗೆಯನ್ನು ಎಲ್ಲರಿಗಿಂತ ಹತ್ತಿರದಿಂದ ಕುಡಿಯುತ್ತಿದ್ದವರೇ ಅದರ ಪರವಾಗಿ ನಿಲ್ಲಬೇಕಾದ ಈ ಪ್ರಸಂಗವನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ನಿಷೇಧದ ಬೆಲೆಯನ್ನು ತೆರಬೇಕಾದವರು ಅವರೇ ಆಗಿದ್ದರು.

ಕ್ಯಾಲಿಫೋರ್ನಿಯಾದ 2021ರ ಶಾಸನದಲ್ಲಿ ಆ ಪಾಠ ಕೊಂಚ ಕಾಣುತ್ತದೆ. 2024ರಿಂದ ತಯಾರಾಗುವ ಇಂತಹ ಸಣ್ಣ ಎಂಜಿನ್ನುಗಳಿಂದ ಹೊಗೆಯೇ ಬರಕೂಡದೆಂಬ ನಿಯಮಕ್ಕೆ ಅಲ್ಲಿನ ಸರಕಾರವು ದಾರಿಮಾಡಿತಾದರೂ, ಬ್ಯಾಟರಿಯ ಉಪಕರಣಗಳನ್ನು ಕೊಳ್ಳಲು ಸಣ್ಣ ಗುತ್ತಿಗೆದಾರರಿಗೆ ಮೂರು ಕೋಟಿ ಡಾಲರನ್ನು ತೆಗೆದಿರಿಸಿತು. ಮಾಲಿಯ ಕೈಯಲ್ಲಿ ಆಗಲೇ ಇದ್ದ ಹಳೆಯ ಯಂತ್ರವನ್ನು ಮಾತ್ರ ಆ ಶಾಸನ ಮುಟ್ಟಲಿಲ್ಲ.